ಮಾಳಿಗೆ ಮೇಲಿನ ನೆಲ್ಲು

ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೋಟೆಯ ಸುತ್ತುಗಳ ನಡುವೆಯೇ ನೆಲ್ಲಿನ ಗದ್ದೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಊರೊಳಗೆ ನೆಲ್ಲು ಬೆಳೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹೊಸಪೇಟೆಯ ಮಾಳಿಗೆ ಮೇಲೆ, ಕಂಪ್ಲಿಯ ಹಿತ್ತಲಲ್ಲಿ ಎರಡು ಬಕೆಟ್ ನೆಲ್ಲು ಹಾಕಿ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಲ್ಲಿ ಎಲ್ಲರ ಮನಸ್ಸೂ ಸೋನಾ ಮಸೂರಿಯ ಮೇಲೆ. ಅದು ಐದು ತಿಂಗಳ ಹತ್ತಿರ ನಿಲ್ಲುವ ಬೆಳೆ. ಬಕೆಟ್‌ಗೆ ನಾಲ್ಕು ತಿಂಗಳಲ್ಲಿ ಕೈಗೆ ಬರುವ ಆರ್‌ಎನ್‌ಆರ್ ಎಂಬ ಸಣ್ಣಕ್ಕಿ ತಳಿ ವಾಸಿ. ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆಯಿರಿ. ಬೀಜ ತೊಳೆದು ಒಂದು ದಿನ ನೆನೆಸಿ, ಒಂದು ದಿನ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಮೊಳಕೆ. ಮೂರು ವಾರದ ಸಸಿಯನ್ನು, ತೂತಿಲ್ಲದ ಬಕೆಟ್‌ನ ಕೆಸರಿಗೆ ಎರಡೆರಡರಂತೆ ನಾಟಿ ಮಾಡಿ. ಕಂಪ್ಲಿ ಕಡೆಯ ಕರಿಮಣ್ಣಾದರೆ ಚಿಂತೆಯಿಲ್ಲ. ಸಂಡೂರಿನವರು ತಮ್ಮ ಕೆಂಪುಮಣ್ಣಿಗೆ ಕೆರೆಗೋಡು ಬೆರೆಸಿಕೊಳ್ಳಲಿ. ವಾರಕ್ಕೆರಡು ಸಲ ನೀರು ಬಸಿದು ಹೊಸ ನೀರು ಬಿಟ್ಟರೆ ಸೊಳ್ಳೆ ಮರಿಯಾಗುವುದಿಲ್ಲ.

ಜುಲೈನಲ್ಲೇ ನಾಟಿ ಮುಗಿಯಬೇಕು. ಹೂವಿನ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿತೋ, ತೆನೆಯೆಲ್ಲ ಜೊಳ್ಳು.

ಆ ಹೂವನ್ನೊಮ್ಮೆ ನೋಡಲೇಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಕಾಳಿನ ಎರಡು ಸಿಪ್ಪೆ ತುಸುವೇ ಬಾಯಿಬಿಡುತ್ತವೆ, ಆರು ಕೇಸರಗಳು ಹೊರಗೆ ಜೋತುಬೀಳುತ್ತವೆ, ತಾಸಿನ ಆಚೀಚೆ ಬಾಯಿ ಮುಚ್ಚಿಯೂ ಹೋಗುತ್ತದೆ. ಒಂದು ಕಾಳಿಗೆ ಒಂದೇ ಸಲ! ಆ ಹೊತ್ತಿನಲ್ಲಿ ಮೇಲಿಂದ ನೀರು ಚಿಮುಕಿಸಬೇಡಿ. ಮುಂದಿನ ವಾರ ಉಗುರಿನಿಂದ ಒತ್ತಿದರೆ ಹಾಲು ಬರುತ್ತದೆ. ಗುಬ್ಬಿಗೂ ಅದು ಗೊತ್ತು, ಅಷ್ಟರೊಳಗೆ ಬಲೆ ಕಟ್ಟಿ.

ಮನೆಯ ನೆಲ್ಲಿನ ನಿಜವಾದ ಸುಖ ಕೊಯ್ಲಿನ ದಿನವನ್ನು ನಾವೇ ಆರಿಸುವುದರಲ್ಲಿದೆ. ತುಂಗಭದ್ರೆಯ ಕಾಲುವೆ ಕೆಳಗಿನ ರೈತನಿಗೆ ಆ ಭಾಗ್ಯ ಕಡಿಮೆ. ನೀರು ಬಿಡುವವರು ಬೇರೆ, ಕಟಾವಿನ ಮಷಿನ್ ಸಿಕ್ಕ ದಿನವೇ ಕೊಯ್ಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತಾತ್ಕಾಲಿಕ ಗೇಟ್ ಕೂರುವವರೆಗೆ ಈ ಸೀಮೆಯ ಜೀವ ಕೈಯಲ್ಲಿತ್ತು.

ಹೂ ಬಿಟ್ಟು ತಿಂಗಳಾಗುವಾಗ ತೆನೆ ಬಾಗುತ್ತದೆ. ಕೊಯ್ಲಿಗೆ ಹತ್ತು ದಿನ ಮೊದಲೇ ನೀರು ನಿಲ್ಲಿಸಿ. ತೆನೆಯ ಮೇಲ್ಭಾಗವೆಲ್ಲ ಹೊನ್ನಾಗಿ, ಬುಡದ ನಾಲ್ಕಾರು ಕಾಳಲ್ಲಿ ಹಸಿರು ಉಳಿದಿರುವಾಗಲೇ ಕುಡುಗೋಲು ಹಾಕಬೇಕು. ಪೂರ್ತಿ ಒಣಗಲಿ ಎಂದು ಕಾದರೆ ಕಾಳು ಒಳಗೇ ಬಿರಿದು, ಕುಟ್ಟಿದಾಗ ಬರೀ ನುಚ್ಚು. ಬಡಿದ ನೆಲ್ಲನ್ನು ತೆಳ್ಳಗೆ ಹರಡಿ ಎಳೆಬಿಸಿಲಿಗೆ ಒಣಗಿಸಿ. ಹಲ್ಲಲ್ಲಿ ಕಡಿದರೆ ಕಟ್ಟೆನ್ನಬೇಕು.

ಸಣ್ಣಕ್ಕಿಯ ನೆಲ್ಲು ಸಾವಿರ ಕಾಳು ಸೇರಿದರೂ ಸುಮಾರು 15 ಗ್ರಾಂ. ಬಕೆಟ್‌ನಿಂದ ಸಿಗುವುದು ನಾಲ್ಕಾರು ಹಿಡಿ, ಅಷ್ಟೇ. ಒರಳಲ್ಲಿ ಹಗುರಾಗಿ ಕುಟ್ಟಿ ಮೊರದಲ್ಲಿ ಕೇರಿ, ತೌಡು ಅಂಟಿಕೊಂಡೇ ಇರಲಿ. ಹೊಸ ಅಕ್ಕಿಗೆ ನೀರು ಕಡಿಮೆ ಹಿಡಿಯಿರಿ. ಚೆನ್ನಾಗಿ ತುಂಬಿದ ನಾಲ್ಕು ತೆನೆ ಮಾತ್ರ ಎತ್ತಿಡಿ. ಆರ್‌ಎನ್‌ಆರ್ ಹೈಬ್ರಿಡ್ ಅಲ್ಲ, ಬರುವ ಜೂನ್‌ಗೆ ಅದೇ ಬೀಜ.