ತನಿಖೆಗೆ ಕೂಡಿಬಾರದ ಮುಹೂರ್ತ

ವೀರಪ್ಪನ್ ಬೇಟೆಯ ಕತೆ ನಾಡಿಗೆಲ್ಲ ಗೊತ್ತು. ಬೇಟೆಗೆ ಹೋದವರ ಮೇಲೆ ಬಂದ ದೂರುಗಳ ಕತೆ ಮಾತ್ರ ಚಾಮರಾಜನಗರದ ಕಾಡಂಚನ್ನು ದಾಟಿ ಅಷ್ಟಾಗಿ ಹೊರಬರಲಿಲ್ಲ. ಬಂಡೀಪುರದಿಂದ ಹಿಡಿದು ಬಿಳಿಗಿರಿರಂಗನ ಬೆಟ್ಟ, ತಾಳವಾಡಿ, ಮಲೆಮಹದೇಶ್ವರ ಬೆಟ್ಟದವರೆಗಿನ ಹಳ್ಳಿ, ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ ತೊಂಬತ್ತರ ದಶಕದುದ್ದಕ್ಕೂ ಜನ ಎರಡು ಕಡೆಗೂ ಹೆದರಿಕೊಂಡೇ ಬದುಕಿದರು. ವೀರಪ್ಪನ್‌ಗೆ ಅಕ್ಕಿ ಕೊಟ್ಟೆ ಎಂದು ಪೊಲೀಸರು ಹಿಡಿಯುತ್ತಿದ್ದರು, ಪೊಲೀಸರಿಗೆ ಸುಳಿವು ಕೊಟ್ಟೆ ಎಂದು ಅವನು ಕೊಲ್ಲುತ್ತಿದ್ದ. ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ವಿಶೇಷ ಕಾರ್ಯಪಡೆಯ ಮೇಲೆ ಬಂದ ಆರೋಪಗಳು ಸಣ್ಣವಲ್ಲ: ತಿಂಗಳುಗಟ್ಟಲೆ ಅಕ್ರಮ ಬಂಧನ, ಮೈಗೆ ಕರೆಂಟ್ ಶಾಕ್, ಹೆಂಗಸರ ಮೇಲೆ ದೌರ್ಜನ್ಯ, ಎನ್‌ಕೌಂಟರ್ ಹೆಸರಿನಲ್ಲಿ ಕೊಲೆ. ಮಾದಪ್ಪನ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದಲ್ಲಿ ತಮ್ಮನ್ನು ಹಿಂಸಿಸಿದರು ಎಂದು ಸಂತ್ರಸ್ತರು ಹೇಳಿಕೊಂಡಿದ್ದಾರೆ.

ಈ ದೂರುಗಳನ್ನು ನಮ್ಮ ಸರ್ಕಾರಗಳು ನಡೆಸಿಕೊಂಡ ರೀತಿಯನ್ನು ‘ವಿಳಂಬ’ ಎಂದು ಕರೆಯುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಕಡತ ತಾನಾಗಿ ತಡವಾದರೆ ಅದು ವಿಳಂಬ. ಇಲ್ಲಿ ತಡ ಮಾಡುವುದಕ್ಕೆ ಕಾಲಕಾಲಕ್ಕೆ ಒಂದೊಂದು ಕಾರಣ ಸಿದ್ಧವಾಗಿ ಸಿಗುತ್ತಿತ್ತು, ಯಾವ ಪಕ್ಷದ ಸರ್ಕಾರ ಬಂದರೂ ಆ ಕಾರಣ ಒಪ್ಪಿಗೆಯಾಗುತ್ತಿತ್ತು.

1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಅದರ ಹಿಂದಿನ ವರ್ಷವಷ್ಟೇ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾಗಿದ್ದರು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ಮಾತಾಡಿ ಕರೆಸಿಕೊಂಡು ಕೊಂದಿದ್ದರು. ಪೊಲೀಸರ ಸಿಟ್ಟು ಅರ್ಥವಾಗದ ಸಂಗತಿಯೇನಲ್ಲ. ಆ ಸಿಟ್ಟು ಕಾಡಿನೊಳಗಿದ್ದವನ ಬದಲು ಕಾಡಿನ ಅಂಚಿನಲ್ಲಿದ್ದವರ ಮೇಲೆ ಇಳಿಯಿತೆಂಬುದೇ ದೂರಿನ ತಿರುಳು. ಟಾಡಾ ಕಾಯ್ದೆಯಡಿ ಒಳಗೆ ಹಾಕಿದವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರಲ್ಲವೆಂದು ಬಿಟ್ಟಿತು. ಅಷ್ಟು ಹೊತ್ತಿಗೆ ಅವರಲ್ಲಿ ಬಹಳಷ್ಟು ಮಂದಿ ಜೈಲಿನಲ್ಲಿ ವರ್ಷಗಟ್ಟಲೆ ಕಳೆದಿದ್ದರು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿದ್ದು 1999ರಲ್ಲಿ. ವಿಚಾರಣೆ ಶುರುವಾಗುತ್ತಿದ್ದಂತೆ ಕರ್ನಾಟಕ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು, ಸಮಿತಿ ಕೈಕಟ್ಟಿ ಕೂತಿತು. ತಡೆ ತೆರವಾಗಿ, ಸಾಕ್ಷ್ಯ ಕೇಳಿ, ವರದಿ ಕೊಡುವಷ್ಟರಲ್ಲಿ 2003ರ ಕೊನೆ.

ಈ ನಡುವೆ ನಡೆದ ಒಂದು ಘಟನೆ ಇಡೀ ಚರ್ಚೆಯ ಹದ ಕೆಡಿಸಿತು. 2000ದ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದ. ಅವನು ಕಳಿಸಿದ ಬೇಡಿಕೆಗಳಲ್ಲಿ ಕಾವೇರಿಯ ಜೊತೆಗೆ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು, ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರವೂ ಇತ್ತು. ವರ್ಷಗಳಿಂದ ಸೋಲಿಗರು, ವಕೀಲರು, ಹಕ್ಕು ಸಂಘಟನೆಗಳವರು ಕೇಳುತ್ತಿದ್ದುದನ್ನು ಸರ್ಕಾರ ಗಂಭೀರವಾಗಿ ಕೇಳಿಸಿಕೊಂಡದ್ದು ಅದು ಅಪಹರಣಕಾರನ ಬಾಯಲ್ಲಿ ಬಂದಾಗ. ಟಾಡಾ ಮೊಕದ್ದಮೆ ಹಿಂತೆಗೆಯಲು ಎರಡೂ ರಾಜ್ಯಗಳು ತಯಾರಾದವು. ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು, ಕೋರ್ಟು ಅದಕ್ಕೆ ಅವಕಾಶ ಕೊಡಲಿಲ್ಲ. ಮಗನನ್ನು ಕಳೆದುಕೊಂಡ ಆ ತಂದೆಯ ವಾದದಲ್ಲಿ ತಪ್ಪು ಹುಡುಕುವ ಧೈರ್ಯ ನನಗಿಲ್ಲ. ನಷ್ಟವಾದದ್ದು ಬೇರೆ ಕಡೆ. ಸಂತ್ರಸ್ತರ ಅಹವಾಲಿಗೆ ಅಂದಿನಿಂದ ‘ವೀರಪ್ಪನ್ ಬೇಡಿಕೆ’ ಎಂಬ ಮೊಹರು ಬಿತ್ತು. ತನಿಖೆ ಆಗಲಿ ಎಂದವರೆಲ್ಲ ಅವನ ಕಡೆಯವರಾದರು. ಪೊಲೀಸರ ಸ್ಥೈರ್ಯ ಕುಂದಿಸಬೇಡಿ ಎನ್ನುವುದು ದೇಶಪ್ರೇಮವಾಯಿತು. 2002ರಲ್ಲಿ ಮಾಜಿ ಸಚಿವ ನಾಗಪ್ಪ ಅವರ ಅಪಹರಣ, ಸಾವು ಆದ ಮೇಲಂತೂ ಬೇರೆ ಮಾತಾಡುವುದೇ ಕಷ್ಟವಾಯಿತು.

ತಡವಾದರೆ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಕ್ರಮ ಬಂಧನ ಎಂದರೇನೇ ಠಾಣೆಯ ದಿನಚರಿಯಲ್ಲಿ ಹೆಸರಿಲ್ಲದ ಬಂಧನ. ಎಫ್‌ಐಆರ್ ಇಲ್ಲ, ಬಂಧನದ ಮೆಮೊ ಇಲ್ಲ, ವೈದ್ಯರ ಚೀಟಿಯಿಲ್ಲ. ಇದೇ ಕಾಗದಗಳನ್ನು ಏಳೆಂಟು ವರ್ಷ ಕಳೆದ ಮೇಲೆ ಪುರಾವೆಯಾಗಿ ತಾ ಎಂದರೆ ಪೋಡಿನ ಮನುಷ್ಯ ಎಲ್ಲಿಂದ ತಂದಾನು? ಕರೆಂಟ್ ಶಾಕ್ ಕೊಟ್ಟ ಗುರುತು ಅಷ್ಟು ದಿನ ಮೈಮೇಲೆ ನಿಲ್ಲುವುದಿಲ್ಲ. ಹಿಡಿದೊಯ್ದ ದಿನ ಯಾವುದು ಎಂದರೆ ಅವನಿಗೆ ನೆನಪಿರುವುದು ರಾಗಿ ಕುಯ್ಲಿನ ಹೊತ್ತು, ಇಲ್ಲವೇ ಮಾದಪ್ಪನ ದೀಪಾವಳಿ ಜಾತ್ರೆಯ ಹಿಂದುಮುಂದು. ಪಾಟೀಸವಾಲಿನಲ್ಲಿ ಅಂಥ ಉತ್ತರ ನಿಲ್ಲುತ್ತದೆಯೇ? ಇನ್ನು ಕಾನೂನಿನ ಚಂದ ನೋಡಿ: 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ, ಘಟನೆ ನಡೆದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ ಎನ್ನುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೈಲಿನಲ್ಲೇ ಇದ್ದವನು ದೂರು ಕೊಡುವುದು ಯಾವಾಗ? ಇಷ್ಟೆಲ್ಲದರ ನಡುವೆಯೂ ಸದಾಶಿವ ಸಮಿತಿ ಕಾಡಂಚಿನವರ ಮಾತಿಗೆ ಕಿವಿಗೊಟ್ಟು ಹಿಂಸೆ ಮತ್ತು ಅಕ್ರಮ ಬಂಧನ ನಡೆದಿದ್ದನ್ನು ದಾಖಲಿಸಿತು ಎನ್ನುವುದಕ್ಕೆ ಪೂರ್ತಿ ಅಂಕ ಕೊಡಬೇಕು.

ಅಂಕ ಕಳೆಯಬೇಕಾದದ್ದು ಆಮೇಲಿನದಕ್ಕೆ. ವರದಿಯ ಮೇಲೆ ಆಯೋಗ ಆದೇಶ ಮಾಡಿದ್ದು 2007ರ ಜನವರಿಯಲ್ಲಿ: 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ. ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರ ಕಾರ್ಯಪಡೆಯ ಸಿಬ್ಬಂದಿಗೆ ಘೋಷಿಸಿದ ಬಹುಮಾನವೂ ತಲಾ ಮೂರು ಲಕ್ಷ, ಜೊತೆಗೆ ನಿವೇಶನ, ಬಡ್ತಿ. ಎರಡು ಮೊತ್ತ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ದಿನಗಳು ಸಾಕಾದವು, ಇನ್ನೊಂದಕ್ಕೆ ಪಾಲಾರ್ ಸ್ಫೋಟದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ಬೇಕಾಯಿತು. ವೀರಪ್ಪನ್ ಸಿಗುವತನಕ ತನಿಖೆ ಬೇಡ ಎಂದವರ ಕಾರಣ 2004ಕ್ಕೇ ಮುಗಿದಿತ್ತಲ್ಲ? ಆಮೇಲಿನ ಎರಡು ವರ್ಷ ಯಾರನ್ನು ಕಾಯುತ್ತಿದ್ದರು?

ಪರಿಹಾರ ಕೊಟ್ಟದ್ದೇ ತಪ್ಪು ಎನ್ನುತ್ತಿಲ್ಲ. ಆದರೆ ದುಡ್ಡು ಖಜಾನೆಯದ್ದು. ಹೊಡೆದವರ ಹೆಸರು ಆರೋಪಪಟ್ಟಿಗೆ ಏರಬೇಕಿತ್ತು. ಇದಕ್ಕೆ ಹೋಲಿಸಲು ದೂರ ಹೋಗಬೇಕಿಲ್ಲ. ಪಕ್ಕದ ಧರ್ಮಪುರಿ ಜಿಲ್ಲೆಯ ವಾಚಾತ್ತಿಯಲ್ಲಿ 1992ರ ಜೂನ್‌ನಲ್ಲಿ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಬುಡಕಟ್ಟು ಹಳ್ಳಿಯೊಂದನ್ನು ಧ್ವಂಸ ಮಾಡಿದರು, 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಅಲ್ಲಿಯೂ ಸರ್ಕಾರ ಸಾಧ್ಯವಾದಷ್ಟು ಎಳೆದಾಡಿತು. ಆದರೆ ಮದ್ರಾಸ್ ಹೈಕೋರ್ಟ್ ಪ್ರಕರಣವನ್ನು ಸಿಬಿಐಗೆ ಕೊಟ್ಟಿತು, ಅದು ಕ್ರಿಮಿನಲ್ ಮೊಕದ್ದಮೆಯಾಯಿತು. 2011ರಲ್ಲಿ, 269 ಆರೋಪಿಗಳ ಪೈಕಿ ಸತ್ತ 54 ಮಂದಿಯನ್ನು ಬಿಟ್ಟು ಉಳಿದ 215 ಮಂದಿಗೂ ಶಿಕ್ಷೆಯಾಯಿತು. 2023ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹತ್ತೊಂಬತ್ತು ವರ್ಷ ಹಿಡಿದ ನ್ಯಾಯವೂ ಹೊಗಳುವಂಥದ್ದಲ್ಲ, ಆದರೆ ಅದು ಸಮಿತಿಯ ವರದಿಯಲ್ಲೇ ನಿಂತುಬಿಡಲಿಲ್ಲ.

ನಮ್ಮಲ್ಲಿ ಆ ವರದಿ ಮತ್ತೆ ಸುದ್ದಿಯಾದದ್ದು 2012ರಲ್ಲಿ. ರಾಜ್ಯದ ಪೊಲೀಸ್ ಮಹಾನಿರ್ದೇಶಕ ಯಾರಾಗಬೇಕೆಂಬ ಅಧಿಕಾರಿಗಳ ಜಗಳ ಆಡಳಿತಾತ್ಮಕ ನ್ಯಾಯಮಂಡಳಿ, ಹೈಕೋರ್ಟ್ ಹತ್ತಿದಾಗ, ಅವರಲ್ಲೊಬ್ಬರು ಹಿಂದೆ ಕಾರ್ಯಪಡೆಯಲ್ಲಿದ್ದವರಾದ್ದರಿಂದ ಕಾಡಂಚಿನವರ ಸಾಕ್ಷ್ಯ ಅಲ್ಲಿ ಚರ್ಚೆಗೆ ಬಂತು. ಸಂತ್ರಸ್ತರು ಆ ಮೊಕದ್ದಮೆಯಲ್ಲಿ ಕಕ್ಷಿದಾರರೂ ಅಲ್ಲ! ಸಿನಿಮಾದವರದು ಇನ್ನೊಂದು ವರಸೆ. ‘ಅಟ್ಟಹಾಸ’ ಬಂತು, ‘ಕಿಲ್ಲಿಂಗ್ ವೀರಪ್ಪನ್’ ಬಂತು, ರಾಜ್‌ಕುಮಾರ್ ಅವರ ಮಗನೇ ಪೊಲೀಸ್ ಅಧಿಕಾರಿಯಾಗಿ ನಟಿಸಿದರು. ಸೋಲಿಗರ ಪಾಡನ್ನು ಕಾದಂಬರಿಯಾಗಿಸಿದ್ದು ತಮಿಳಿನ ವಕೀಲ ಎಸ್. ಬಾಲಮುರುಗನ್, ‘ಸೋಳಗರ್ ತೊಟ್ಟಿ’ಯಲ್ಲಿ. ಕನ್ನಡ ಮಾತಾಡುವ ಸೋಲಿಗರ ಜಿಲ್ಲೆಗೆ ಕನ್ನಡದ ಲೇಖಕರು ಇನ್ನಷ್ಟು ಬರಬೇಕಿತ್ತು ಎಂದು ನನಗೆ ಅನಿಸಿದರೆ ತಪ್ಪಾಗಲಾರದು.

ಇಷ್ಟು ವರ್ಷವಾಯಿತು, ಈಗೇನು ಮಾಡಲು ಬರುತ್ತದೆ ಎನ್ನುವವರಿಗೆ ಕಾನೂನಿನ ಪುಸ್ತಕದಲ್ಲೇ ಉತ್ತರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಾಲಮಿತಿ ಅನ್ವಯಿಸುತ್ತಿದ್ದದ್ದು ಗರಿಷ್ಠ ಮೂರು ವರ್ಷ ಸಜೆಯಿರುವ ಅಪರಾಧಗಳಿಗೆ ಮಾತ್ರ. ತಪ್ಪೊಪ್ಪಿಗೆ ಕಕ್ಕಿಸಲು ಹೊಡೆಯುವುದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ 330ನೇ ಕಲಮಿನಲ್ಲಿ ಏಳು ವರ್ಷದವರೆಗೆ ಸಜೆಯಿತ್ತು, ತೀವ್ರ ಗಾಯವಾದರೆ 331ರಲ್ಲಿ ಹತ್ತು ವರ್ಷ. ಕೊಲೆಯ ವಿಷಯ ಹೇಳುವುದೇ ಬೇಡ. ಅಡ್ಡಗಾಲಾಗುವುದು ಕರ್ತವ್ಯದ ವೇಳೆ ನಡೆದದ್ದೆಂದು ಹೇಳಿ ಕೇಳುವ ಪೂರ್ವಾನುಮತಿ. ಅದನ್ನು ಕೊಡುವ ಅಧಿಕಾರ ಇರುವುದು ಸರ್ಕಾರದ ಕೈಯಲ್ಲೇ.