ಫೀಜಿನ ರಸೀದಿಯನ್ನು ವಿಮರ್ಶಿಸುವವರು ಯಾರು?

ಕಥೆ, ಕವನದ ಪುಸ್ತಕ ಬಂದರೆ ನಾವು ವಿಮರ್ಶೆ ಬರೆಯುತ್ತೇವೆ. ಆದರೆ ಪ್ರತಿ ವರ್ಷ ಮೇ-ಜೂನ್ ಹೊತ್ತಿಗೆ ನಮ್ಮ ಕೇರಿಗಳಿಗೆ ಬರುವ ಇನ್ನೊಂದು ಪುಸ್ತಕವಿದೆ. ಬಣ್ಣದ ರಕ್ಷಾಪುಟ, ನುಣುಪು ಕಾಗದ, ಸಂಸ್ಥಾಪಕರ ಭಾವಚಿತ್ರ, ಪ್ರಿನ್ಸಿಪಾಲರ ಸಂದೇಶ, ಹುಲ್ಲಿನ ಮೇಲೆ ನಗುತ್ತ ಕೂತ ಹುಡುಗ ಹುಡುಗಿಯರು. ಅದೇ ಕಾಲೇಜಿನ ಪ್ರಾಸ್ಪೆಕ್ಟಸ್. ಇದನ್ನು ಯಾರೂ ವಿಮರ್ಶಿಸಿದ್ದು ನಾವು ಕಂಡಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಗುತ್ತಿಗೆ ಕೂಲಿ ಮಾಡುವ ಅಣ್ಣನೊಬ್ಬ ಇಂಥದ್ದೊಂದನ್ನು ನಮ್ಮ ಕೈಗಿಟ್ಟ. ಅದು ಒಂದು ಸಣ್ಣ ಖಾಸಗಿ ಕ್ರೈಸ್ತ ಕಾಲೇಜಿನದು; ಹೆಸರು ಬೇಡ. "ಎಲ್ಲಾ ಇಂಗ್ಲಿಷ್ನಾಗೈತಿ ಮೇಷ್ಟ್ರೇ. ಫೀಜು ಎಲ್ಲಿ ಬರ್ದಾರ ನೋಡ್ರಿ" ಅಂದ. ಅವನ ಅಪ್ಪ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾಯಂ ಕಾರ್ಮಿಕನಾಗಿದ್ದವನು. ತಿಂಗಳಿಗೊಂದು ಸಂಬಳ ಅಂತ ಇತ್ತು. ಕಾರ್ಖಾನೆ ಮುಚ್ಚಿತು. ಮಗನಿಗೆ ಈಗ ಕೆಲಸ ಇದ್ದ ದಿನ ಮಾತ್ರ ಕೂಲಿ.

ಫೀಜು ಕೊನೆಯ ಪುಟದಲ್ಲಿತ್ತು. ಭಾಷೆ ಬಲ್ಲವರು ಈ ಪುಸ್ತಕದ ವ್ಯಾಕರಣ ನೋಡಬೇಕು. ಮೊದಲ ಪುಟಗಳಲ್ಲೆಲ್ಲ 'ನಾವು' ಇದ್ದೇವೆ: ನಾವು ಸೇವೆ ಮಾಡುತ್ತೇವೆ, ನಾವು ಬೆಳಕು ಹಚ್ಚುತ್ತೇವೆ. ಕೊನೆಯ ಪುಟಕ್ಕೆ ಬಂದರೆ ಆ 'ನಾವು' ಮಾಯ. ಶುಲ್ಕ ಪಾವತಿಸತಕ್ಕದ್ದು, ಕಟ್ಟಿದ ಶುಲ್ಕ ಹಿಂದಿರುಗಿಸಲಾಗುವುದಿಲ್ಲ. ಕೇಳುವವನು ಯಾರೆಂದೇ ಗೊತ್ತಾಗದ ಹಾಗೆ ಕೇಳುವ ಭಾಷೆ ಇದು. ಊರ ಸಾಹುಕಾರನಾದರೂ ಸಾಲ ಕೇಳುವಾಗ ಮುಖ ತೋರಿಸುತ್ತಿದ್ದ.

ಟ್ಯೂಷನ್ ಫೀ, ಲ್ಯಾಬು, ಲೈಬ್ರರಿ, ಕ್ರೀಡೆ, ಪರೀಕ್ಷೆ, ಕೊನೆಗೆ 'ಇತರೆ'. ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಇದೆ: ಯೂನಿಫಾರಮ್ಮು, ಬಸ್ಸು, ಮಧ್ಯಾಹ್ನದ ಊಟ, ಮೊಬೈಲ್ ರೀಚಾರ್ಜು, ಪ್ರಾಜೆಕ್ಟ್ ಪ್ರಿಂಟು, ಕಾಲೇಜ್ ಡೇ ವಂತಿಗೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನಿಜ. ನಮ್ಮ ಕಡೆಯ ಎಷ್ಟೋ ಹಳ್ಳಿಗೆ ಬರುವುದು ಪ್ರೈವೇಟ್ ಬಸ್ಸು.

ಅಣ್ಣನ ಪಕ್ಕದ ಮನೆಯ ಹುಡುಗಿಯೂ ಅದೇ ಕಾಲೇಜು. ಅವಳದು ಪರಿಶಿಷ್ಟ ಜಾತಿಯ ಸರ್ಟಿಫಿಕೇಟು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ 2021ರ ಮಾರ್ಗಸೂಚಿ ಪ್ರಕಾರ, ಮನೆಯಿಂದ ಓಡಾಡಿ ಓದುವ ಸಾಧಾರಣ ಪದವಿ ವಿದ್ಯಾರ್ಥಿಗೆ ಫೀಜು ಬಿಟ್ಟು ಸಿಗುವ ಭತ್ಯೆ ವರ್ಷಕ್ಕೆ 3,000 ರೂಪಾಯಿ. ತಿಂಗಳಿಗೆ 250. ಫೀಜನ್ನು ಮುಂಗಡ ಕೇಳದೆ ಸೇರಿಸಿಕೊಳ್ಳಲೆಂದೇ 'ಫ್ರೀಶಿಪ್ ಕಾರ್ಡ್' ಎಂಬ ಏರ್ಪಾಟು ಅದೇ ಮಾರ್ಗಸೂಚಿಯಲ್ಲಿದೆ. ಹಳ್ಳಿ ಮೇಷ್ಟ್ರುಗಳು ಇದನ್ನು ಗುರುತು ಹಾಕಿಕೊಳ್ಳಿ. ಪ್ರಾಸ್ಪೆಕ್ಟಸ್ಸಿನಲ್ಲಿ ಈ ಮಾತಿನ ಸುಳಿವೂ ಇಲ್ಲ.

ಅಣ್ಣನ ಮಗನಿಗೆ ಆ 250 ಕೂಡ ಇಲ್ಲ. ಅವನ ಅಜ್ಜಿಯ ಕಾಲಕ್ಕೆ ಆ ಮನೆ ಕ್ರೈಸ್ತರಾಯಿತು. ಕೇರಿ ಬದಲಾಗಲಿಲ್ಲ, ನಲ್ಲಿಯ ಹತ್ತಿರದ ಮಾತು ಬದಲಾಗಲಿಲ್ಲ, ಸರ್ಟಿಫಿಕೇಟು ಮಾತ್ರ ಬದಲಾಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಮಾತ್ರ ಎಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಧರ್ಮಕ್ಕೂ ಇದಕ್ಕೂ ಗಂಟು ಬೇಡ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. ಕರ್ನಾಟಕದಲ್ಲಿ ಇವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಅದು ಬೇರೆ ಸಾಲು, ಬೇರೆ ಕಿಟಕಿ.

ಹಾಗಾದರೆ ಕ್ರೈಸ್ತ ಕಾಲೇಜಾದರೂ ಈ ಹುಡುಗನ ಕೈ ಹಿಡಿಯಬೇಕಲ್ಲ? ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಾಲೇಜು ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ನಾವು ಎತ್ತಿಹಿಡಿಯುತ್ತೇವೆ. ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಬಹುದೆಂದ 2005ರ 93ನೇ ತಿದ್ದುಪಡಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿತು. ಅಲ್ಲಿಗೆ ಕಾನೂನು ಮುಗಿಯಿತು. ಉಳಿದದ್ದು ಆ ಪುಸ್ತಕದ 'ಸೇವೆ' ಎಂಬ ಒಂದೇ ಶಬ್ದ. ಹಕ್ಕು ಯಾವ ಜನರ ಹೆಸರಲ್ಲಿ ಬಂದಿದೆಯೋ ಆ ಜನರ ಮಗನೇ ಕಾಲೇಜಿನ ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಾನೆ.

ಇದನ್ನು ಬರೆಯಲು ನಮಗೂ ಸಂಕೋಚವಿದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಹುಡುಗನೊಬ್ಬ ಅರ್ಜಿ ಹಾಕಿದ. ಒಬ್ಬನಿಗಾಗಿ ಮಿಕ್ಕವರು ಶಾಲೆ ಬಿಟ್ಟಾರೆಂದು ಮುಂಬಯಿ ಸರ್ಕಾರ ಬಾಗಿಲು ಹಾಕಿತು. ಅಂಬೇಡ್ಕರರು ಇದನ್ನು ದಾಖಲಿಸಿದ್ದಾರೆ. ಸರ್ಕಾರ ಹೆದರಿ ಕೂತ ಕಾಲದಲ್ಲಿ ಮಿಷನ್ ಶಾಲೆಗಳು ನಮ್ಮವರ ಕೈಗೆ ಸ್ಲೇಟು ಕೊಟ್ಟವು. ಆ ಋಣ ದೊಡ್ಡದು. ಮತಾಂತರ ಮತಾಂತರ ಎಂದು ಕೂಗುವವರ ಕೈಗೆ ನಮ್ಮ ಮಾತು ಕೋಲಾಗಬಾರದು ಎಂಬ ಭಯವೂ ಇದೆ. ಆದರೆ ಋಣ ಇದೆಯೆಂದು ಲೆಕ್ಕ ಕೇಳದೆ ಇದ್ದರೆ ಅದು ಜೀತವಾಗುತ್ತದೆ.

ಇದು ಕ್ರೈಸ್ತರ ಕಾಲೇಜಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಕರ್ನಾಟಕ 1984ರಲ್ಲಿ ಕ್ಯಾಪಿಟೇಷನ್ ನಿಷೇಧಿಸಿ ಕಾಯ್ದೆ ತಂದಿತು. 1989ರಲ್ಲಿ ಅದೇ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ವರ್ಷದ ಫೀಜು ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಮಿಕ್ಕವರಿಗೆ 25,000, ಹೊರಗಿನವರಿಗೆ 60,000. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣ ಬದುಕುವ ಹಕ್ಕಿನ ಭಾಗ ಎಂದಿತು. ಆ ಕಾಲೇಜು ತುಮಕೂರಿನ ಸಿದ್ಧಾರ್ಥ, ದಲಿತ ಮುಖಂಡರೇ ಕಟ್ಟಿದ ಸಂಸ್ಥೆ. ಕಟ್ಟಿದವರು ನಮ್ಮವರೇ ಆದರೂ ರಸೀದಿ ರಸೀದಿಯೇ.

ಇನ್ನು ನಮ್ಮ ಸಾಹಿತ್ಯ. ಸಿದ್ಧಲಿಂಗಯ್ಯನವರ 'ಊರು ಕೇರಿ', ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದ ಮೇಲೆ ದಲಿತ ಹುಡುಗನ ಓದಿನ ಹಸಿವು, ಅವಮಾನ ಕನ್ನಡಕ್ಕೆ ಗೊತ್ತಾಯಿತು. ವಿಮರ್ಶಕರು ಇಂದಿಗೂ ಅವಮಾನವನ್ನು ಮೇಲ್ಜಾತಿಯವನ ಕಣ್ಣಿನಲ್ಲಿ, ಬಾಯಿಯಲ್ಲಿ ಹುಡುಕುತ್ತಾರೆ. ಈಗ ಅದು ನೋಟೀಸ್ ಬೋರ್ಡಿನಲ್ಲಿ, ಫೀಜು ಬಾಕಿ ಇರುವವರ ಪಟ್ಟಿಯಲ್ಲಿ ಟೈಪಾಗಿ ಬರುತ್ತಿದೆ. ಅದರಲ್ಲಿ ಜಾತಿ ಬರೆದಿರುವುದಿಲ್ಲ. ಹೆಸರು ಓದುತ್ತ ಹೋದರೆ ಯಾವ ಕೇರಿ ಅಂತ ಊರಿಗೆಲ್ಲ ತಿಳಿಯುತ್ತದೆ. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದವರು. ಅವರ ಊರಿನ ಮಕ್ಕಳ ಈ ಪಟ್ಟಿ ಯಾವ ಕಥೆಗೂ ಬಂದದ್ದು ನಾವು ಓದಿಲ್ಲ. ಓದಿದವರಿದ್ದರೆ ತಿಳಿಸಿ, ಸಂತೋಷದಿಂದ ತಿದ್ದಿಕೊಳ್ಳುತ್ತೇವೆ.

ಅಣ್ಣನ ಜೊತೆ ಕಾಲೇಜಿಗೆ ಹೋಗಿದ್ದೆವು. ಗುಮಾಸ್ತರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. ಎರಡು ಕಂತಿಗೆ ಒಪ್ಪಿದರು. ಮೊದಲ ಕಂತಿನ ರಸೀದಿಯಲ್ಲಿ 'ಇತರೆ' ಎಂಬುದರ ಎದುರಿಗೆ ಬರಿಯ ಮೊತ್ತವಿದೆ. ಇತರೆ ಅಂದರೆ ಏನೆಂದು ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟು, ಅದಕ್ಕೆ ಸ್ವೀಕೃತಿ ಹಾಕಿಸಿಕೊಂಡು ಬಂದಿದ್ದೇವೆ.