‘ಖಾಲಿ ಹೊಟ್ಟೆ’ ಎಂಬ ಮಾತಿನ ಅರ್ಥವಿಚಾರ

ಥೈರಾಯ್ಡ್ ಗ್ರಂಥಿಯ ಕೊರತೆಯುಳ್ಳವರಿಗೆ ಕೊಡುವ ಲೆವೊಥೈರಾಕ್ಸಿನ್ ಗುಳಿಗೆಯೊಡನೆ ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ’ ಎಂಬ ಸೂಚನೆ ಬರುವುದು ವಾಚಕರಲ್ಲಿ ಹಲವರಿಗೆ ತಿಳಿದ ವಿಷಯ. ಶಾಸನದ ಪದವನ್ನು ಅದರ ದೇಶಕಾಲಗಳಲ್ಲಿಟ್ಟು ಓದುವಂತೆ, ಈ ಸಣ್ಣ ವಾಕ್ಯವನ್ನೂ ಅದನ್ನು ಪಾಲಿಸುವವರ ಮನೆಯಲ್ಲಿಟ್ಟು ಓದತಕ್ಕದ್ದೆಂಬುದು ನಮ್ಮ ವಾದ. ಅದಕ್ಕಾಗಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಕಾಫಿ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ಈ ಔಷಧಿಯ ಚರಿತ್ರೆ ದೀರ್ಘವಾದುದಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆಯವರು ಕುರಿಯ ಗ್ರಂಥಿಯ ಸಾರವನ್ನು ಸೂಜಿಮದ್ದಾಗಿ ಕೊಟ್ಟರು. ಮರುವರ್ಷವೇ ಅದನ್ನು ಬಾಯಿಯ ಮೂಲಕ ಕೊಡುವ ಕ್ರಮ ಬಂದಿತು. 1914ರಲ್ಲಿ ಅಮೆರಿಕದ ಕೆಂಡಾಲರು ಥೈರಾಕ್ಸಿನ್ನನ್ನು ಬೇರ್ಪಡಿಸಿದರು; 1927ರಲ್ಲಿ ಹ್ಯಾರಿಂಗ್‌ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿ ಸಿದ್ಧಗೊಳಿಸಿದರು. ನುಂಗುವ ಔಷಧಿಯಾದುದರಿಂದ ಅದರ ಫಲ ಕರುಳಿಗೆ ಅಧೀನವಾಯಿತು. ಬರಿಹೊಟ್ಟೆಯಲ್ಲಿ ನುಂಗಿದಾಗಲೂ ಸುಮಾರು ಶೇಕಡ 60ರಿಂದ 80 ಭಾಗ ಮಾತ್ರ ರಕ್ತಗತವಾಗುತ್ತದೆ. ಆಹಾರ ಜೊತೆಗೂಡಿದರೆ ಇನ್ನೂ ಕಡಿಮೆ.

ಈ ಸೀಮೆಯಲ್ಲಿ ಕಾಫಿಯು ಔಷಧಿಗಿಂತ ಹಳೆಯದು. 17ನೆಯ ಶತಮಾನದಲ್ಲಿ ಬಾಬಾ ಬುಡನರು ಚಂದ್ರದ್ರೋಣ ಪರ್ವತಕ್ಕೆ ಏಳು ಬೀಜಗಳನ್ನು ತಂದರೆಂಬುದು ಐತಿಹ್ಯ. 19ನೆಯ ಶತಮಾನದಲ್ಲಿ ತೋಟಗಳು ಹಬ್ಬಿದವು. ಹಾಲು ಬೆರೆಸಿದ್ದಾಗಲಿ, ಬೆಲ್ಲದ ಕಾಫಿಯಾಗಲಿ, ತೋಟದ ಮನೆಯಲ್ಲಿಯೂ ಲೈನ್ ಮನೆಯಲ್ಲಿಯೂ ಬೆಳಗು ಆರಂಭವಾಗುವುದು ಸಾಮಾನ್ಯವಾಗಿ ಅದರಿಂದಲೇ. ‘ಖಾಲಿ ಹೊಟ್ಟೆಗೆ ಕಾಫಿ ಕುಡಿದೆ’ ಎನ್ನುವುದು ನಮ್ಮ ರೂಢಿಯ ಮಾತು. ಹೊಟ್ಟೆ ತುಂಬುವುದು ತಿಂಡಿಯಿಂದ, ಕಾಫಿಯಿಂದಲ್ಲ. ಆದುದರಿಂದ ಕಾಫಿಯೊಡನೆ ಗುಳಿಗೆ ನುಂಗಿದ ಗೃಹಿಣಿಯು ತನ್ನ ಭಾಷೆಯ ಪ್ರಕಾರ ವೈದ್ಯರ ಮಾತನ್ನು ಅಕ್ಷರಶಃ ಪಾಲಿಸಿದ್ದಾಳೆ. ಆದರೆ ಕಾಫಿಯು ಈ ಔಷಧಿಯ ಹೀರಿಕೆಯನ್ನು ಕುಂದಿಸುತ್ತದೆಂದು 2008ರಲ್ಲಿ ಇಟಲಿಯ ಬೆನ್‌ವೆಂಗ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಹಾಲಿನ ಸುಣ್ಣದಂಶವೂ ಅದಕ್ಕೆ ಅಡ್ಡಿ.

ಇದರ ಪರಿಣಾಮ ಕ್ಷುಲ್ಲಕವಲ್ಲ. ಆಯಾಸ ನೀಗುವುದಿಲ್ಲ, ರಕ್ತಪರೀಕ್ಷೆಯಲ್ಲಿ ಕೊರತೆ ಉಳಿಯುತ್ತದೆ, ಔಷಧಿಯ ಪ್ರಮಾಣ ಏರುತ್ತದೆ, ರೋಗಿಯ ಮೇಲೆ ಅಲಕ್ಷ್ಯದ ಆರೋಪವೂ ಬರಬಹುದು. ಗರ್ಭಿಣಿಯರ ವಿಷಯದಲ್ಲಿ ಇದು ಇನ್ನೂ ಗಂಭೀರ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳಿನ ಬೆಳವಣಿಗೆ ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮತ್ತು ಕ್ಯಾಲ್ಸಿಯಂ ಗುಳಿಗೆಗಳಾದರೋ ಥೈರಾಕ್ಸಿನ್ನನ್ನು ಕರುಳಿನಲ್ಲಿಯೇ ತಡೆಯುವಂಥವು.

ಸೂಚನೆಯು ತಪ್ಪೆಂದು ನಾವು ಹೇಳುತ್ತಿಲ್ಲ, ಅಪೂರ್ಣವೆನ್ನುತ್ತೇವೆ. ‘ನೀರಿನೊಡನೆ ಮಾತ್ರ ನುಂಗಿರಿ, ಒಂದು ಗಂಟೆಯವರೆಗೆ ಕಾಫಿಯೂ ಬೇಡ, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ’ ಎಂದು ಬರೆದರೆ ಅರ್ಥಭ್ರಮೆಗೆ ಎಡೆಯಿಲ್ಲ. ಮುಂಜಾನೆಯ ಕಾಫಿಯನ್ನು ಮುಂದೂಡಲಾರದವರಿಗೆ ಬೇರೊಂದು ದಾರಿಯೂ ಉಂಟು: ರಾತ್ರಿಯೂಟವಾದ ಮೂರು ಗಂಟೆಗಳ ತರುವಾಯ, ಮಲಗುವಾಗ ನುಂಗುವುದು. ಇದು ಫಲಕಾರಿಯೆಂದು 2010ರಲ್ಲಿ ನೆದರ್ಲೆಂಡ್ಸಿನ ಒಂದು ಪ್ರಯೋಗ ತೋರಿಸಿತು. ಆದರೆ ಕ್ರಮ ಬದಲಾದಾಗ ಹೀರಿಕೆ ಹೆಚ್ಚಿ, ಹಿಂದೆ ಏರಿಸಿದ ಪ್ರಮಾಣ ಅತಿಯಾದೀತು. ಆದಕಾರಣ ವೈದ್ಯರಿಗೆ ತಿಳಿಸಿಯೇ ಬದಲಿಸಿ, ಆರೆಂಟು ವಾರಗಳ ಬಳಿಕ ರಕ್ತಪರೀಕ್ಷೆ ಮಾಡಿಸತಕ್ಕದ್ದು. ವೈದ್ಯರೂ ಪ್ರಮಾಣವನ್ನು ಏರಿಸುವ ಮುನ್ನ, ಗುಳಿಗೆಯ ಜೊತೆಗೆ ಏನನ್ನು ಕುಡಿದಿರೆಂದು ಕೇಳುವುದು ಈ ಸೀಮೆಯಲ್ಲಿ ಅತ್ಯವಶ್ಯ.